ಸ್ನಾಯುಕ್ಷಯವಿರುವ ಮಕ್ಕಳ ಚಲನಶಕ್ತಿ ಅಳೆಯುವುದು ಹೇಗೆ: ಹಂತ ಹಂತವಾಗಿ

ಸ್ನಾಯುಕ್ಷಯ ಎಂದರೆ ಸ್ನಾಯುಗಳು ವರ್ಷ ಕಳೆದಂತೆ ದುರ್ಬಲವಾಗುತ್ತ ಹೋಗುವ ಕಾಯಿಲೆ (ಮಸ್ಕ್ಯುಲರ್ ಡಿಸ್ಟ್ರೋಫಿ). ಅದಿರುವ ಒಂದೇ ಹುಡುಗ. ಮೇ ತಿಂಗಳಲ್ಲಿ ನೆಲದಿಂದ ಎದ್ದು ನಿಲ್ಲಲು 5 ಸೆಕೆಂಡು ತೆಗೆದುಕೊಂಡಿದ್ದಾನೆ, ಡಿಸೆಂಬರಿನಲ್ಲಿ 9, ಮರುವರ್ಷ ಮೇ ತಿಂಗಳಲ್ಲಿ 4. ನಡುವೆ ಔಷಧಿ ಬದಲಾಗಿಲ್ಲ. ಕೊಡಗಿನ ಬೇರೆ ಬೇರೆ ಊರುಗಳಿಂದ ನನ್ನ ಕೈಗೆ ಬರುವ ದಾಖಲೆಗಳಲ್ಲಿ ಇಂಥ ಅಂಕೆಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ವಿಚಾರಿಸಿದರೆ ಕಾರಣ ಸಿಗುತ್ತದೆ: ಮೊದಲ ಸಲ ಚಾಪೆಯ ಮೇಲೆ ಅಳೆದಿದ್ದಾರೆ, ಎರಡನೆಯ ಸಲ ತಣ್ಣನೆಯ ಸಿಮೆಂಟ್ ನೆಲದ ಮೇಲೆ, ಮೂರನೆಯ ಸಲ ತಾಯಿ ರೆಟ್ಟೆ ಹಿಡಿದು ಎತ್ತಿದ್ದಾರೆ.

ಸ್ಟೆರಾಯ್ಡ್ ಯಾವಾಗ ಆರಂಭಿಸಬೇಕು, ಪ್ರಮಾಣ ಸಾಲುತ್ತಿದೆಯೇ, ಗಾಲಿಕುರ್ಚಿಗೆ ಈಗಲೇ ಅರ್ಜಿ ಹಾಕಬೇಕೇ ಎಂಬುದನ್ನೆಲ್ಲ ವೈದ್ಯರು ಈ ಅಂಕೆಗಳನ್ನು ನೋಡಿಯೇ ನಿರ್ಧರಿಸುತ್ತಾರೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಮಗುವನ್ನು ನೋಡಲು ಅವರಿಗೆ ಸಿಗುವುದು ಅರ್ಧ ಗಂಟೆ. ಉಳಿದ ಆರು ತಿಂಗಳು ಮಗು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಫಿಸಿಯೊಥೆರಪಿಸ್ಟರು, ಶಾಲಾ ಆರೋಗ್ಯ ತಂಡದವರು, ವಿಶೇಷ ಶಿಕ್ಷಕರು ಮತ್ತು ತಂದೆತಾಯಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಯಾವ ಮಗುವಿಗೆ ಯಾವ ಅಳತೆ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಡುಶೆನ್ ಬಗೆಯ ಸ್ನಾಯುಕ್ಷಯ. ಅದು ಬಹುಮಟ್ಟಿಗೆ ಗಂಡುಮಕ್ಕಳಿಗೇ ಬರುತ್ತದೆ. ಆಸರೆಯಿಲ್ಲದೆ ನಡೆಯುವ ಡುಶೆನ್ ಮಗುವಿಗೆ ನಾರ್ತ್ ಸ್ಟಾರ್ ಅಳತೆಪಟ್ಟಿಯನ್ನು ಬಳಸಿ. ಅದರಲ್ಲಿ 17 ಅಂಶಗಳಿವೆ. ಸಹಜವಾಗಿ ಮಾಡಿದರೆ 2 ಅಂಕ, ಬೇರೆಯವರ ನೆರವಿಲ್ಲದೆ ಏನಾದರೂ ಉಪಾಯ ಹೂಡಿ ಮಾಡಿದರೆ 1, ಆಗದಿದ್ದರೆ 0. ಒಟ್ಟು 34. ನಡಿಗೆ ನಿಂತ ಮಗುವಿಗೆ ತೋಳಿನ ಶಕ್ತಿಯನ್ನು ಅಳೆಯುವ ಪಿಯುಎಲ್ (ಪರ್ಫಾರ್ಮೆನ್ಸ್ ಆಫ್ ಅಪ್ಪರ್ ಲಿಂಬ್) ಪಟ್ಟಿ ಇದೆ. ಇಲ್ಲಿ ಭುಜ, ಮೊಣಕೈ, ಹಸ್ತ ಎಂಬ ಮೂರು ಮಟ್ಟಗಳು ಸೇರಿ 42 ಅಂಕ.

ನಾಲ್ಕು ವರ್ಷದೊಳಗಿನ ಆರೋಗ್ಯವಂತ ಮಗುವಿಗೂ ಒಂಟಿಕಾಲಿನಲ್ಲಿ ಕುಪ್ಪಳಿಸಲು, ಹಿಮ್ಮಡಿಯ ಮೇಲಷ್ಟೇ ನಿಲ್ಲಲು ಬಾರದಿರಬಹುದು. ಆದ್ದರಿಂದ ಚಿಕ್ಕ ಮಗುವಿಗೆ ಅಂಕ ಕಡಿಮೆ ಬಂದಿತೆಂದು ಗಾಬರಿಯಾಗಬೇಡಿ, ಗಾಬರಿಪಡಿಸಲೂಬೇಡಿ.

ಪೂರ್ತಿ 17 ಅಂಶಗಳಿಗೆ ಅಂಕ ಕೊಡುವುದು ತರಬೇತಿ ಪಡೆದ ಫಿಸಿಯೊಥೆರಪಿಸ್ಟರ ಕೆಲಸ. ಶಿಕ್ಷಕರು ಮತ್ತು ಪೋಷಕರು ಮೂರು ಕೆಲಸಗಳನ್ನು ಸರಿಯಾಗಿ ಮಾಡಿದರೆ ಸಾಕು: ನೆಲದಿಂದ ಏಳುವ ಸಮಯ, 10 ಮೀಟರ್ ದಾಟುವ ಸಮಯ, ಎರಡರದೂ ವಿಡಿಯೊ.

ಇಲ್ಲೊಂದು ತಪ್ಪು ಫಿಸಿಯೊಥೆರಪಿಸ್ಟರಿಂದಲೇ ಆಗುತ್ತದೆ. ಕೈಯಿಂದ ಒತ್ತಿ ನೋಡಿ ‘ಸ್ನಾಯುಬಲ 5ಕ್ಕೆ 4’ ಎಂದು ಬರೆದು ಮುಗಿಸುತ್ತಾರೆ. ಆ 4 ಎಂಬ ಶ್ರೇಣಿ ಬಹಳ ಅಗಲ. ಮೆಟ್ಟಿಲು ಹತ್ತುತ್ತಿದ್ದ ಮಗು ಹತ್ತಲಾರದಂತಾದರೂ ಕಾಗದದ ಮೇಲೆ 4 ಹಾಗೆಯೇ ಉಳಿದಿರುತ್ತದೆ. ಸ್ನಾಯುಬಲವನ್ನು ಬರೆಯಿರಿ, ಆದರೆ ಅದೊಂದನ್ನೇ ನಂಬಬೇಡಿ.

ಹಂತ 2: ಜಾಗ ಮತ್ತು ಸಾಮಾನು

ಕೊಡಗಿನಲ್ಲಿ ಕಷ್ಟವಿರುವುದು ಸಮತಟ್ಟಾದ ಜಾಗಕ್ಕೇ. ಕಾಫಿ ಒಣಗಿಸುವ ಕಣ ಸಮತಟ್ಟಾಗಿ ಕಾಣುತ್ತದೆ, ಉದ್ದವೂ ಇರುತ್ತದೆ. ಆದರೆ ನೀರು ಹರಿದುಹೋಗಲೆಂದು ಅದಕ್ಕೆ ಓರೆ ಕೊಟ್ಟಿರುತ್ತಾರೆ. ಒಂದು ಗೋಲಿಯನ್ನು ಇಟ್ಟು ನೋಡಿ. ಉರುಳಿದರೆ ಆ ಜಾಗ ಬೇಡ. ಇನ್ನೊಂದು ಮಾತು, ಡಿಸೆಂಬರ್ ಹೊತ್ತಿಗೆ ಕಣದ ತುಂಬ ಕಾಫಿ ಹರಡಿರುತ್ತದೆ. ಮೇ ತಿಂಗಳಲ್ಲಿ ಕಣದಲ್ಲಿ ಅಳೆದು, ಡಿಸೆಂಬರಿನಲ್ಲಿ ಬೇರೆ ಜಾಗ ಹುಡುಕಿದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. ಶಾಲೆಯ ಉದ್ದನೆಯ ಜಗಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆ: ಮಳೆ ಬೀಳುವುದಿಲ್ಲ, ವರ್ಷವಿಡೀ ಸಿಗುತ್ತದೆ. ಇರಿಚಲು ಹೊಡೆದು ನೆಲ ಒದ್ದೆಯಾಗಿದ್ದರೆ ಪೂರ್ತಿ ಒರೆಸಿ ಒಣಗಿದ ಮೇಲೆಯೇ ಮಗುವನ್ನು ಕರೆಯಿರಿ. ಸ್ಟೆರಾಯ್ಡ್ ತೆಗೆದುಕೊಳ್ಳುವ ಮಕ್ಕಳ ಮೂಳೆ ದುರ್ಬಲವಾಗಿರುತ್ತದೆ, ಒಂದು ಜಾರುವಿಕೆಯಲ್ಲಿ ತೊಡೆಮೂಳೆ ಮುರಿದು ನಡಿಗೆಯೇ ನಿಲ್ಲಬಹುದು.

ಸಾಮಾನು ಹೆಚ್ಚೇನೂ ಬೇಡ. ಸ್ಟಾಪ್‌ವಾಚ್ (ಮೊಬೈಲಿನದೇ ಸಾಕು), 30 ಮೀಟರ್ ಅಳತೆ ಟೇಪು, ಸೀಮೆಸುಣ್ಣ, ಗಟ್ಟಿಯಾದ ತೆಳು ಚಾಪೆ, ಕೈ ಇಲ್ಲದ ಕುರ್ಚಿ, 15 ಸೆಂಟಿಮೀಟರ್ ಎತ್ತರದ ಮರದ ಪೆಟ್ಟಿಗೆ. ಪೆಟ್ಟಿಗೆಯನ್ನು ಬಡಗಿಯಿಂದ ಒಮ್ಮೆ ಮಾಡಿಸಿಟ್ಟುಕೊಳ್ಳಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿದವರಿದ್ದಾರೆ. ಅದು ಅಲುಗಾಡುತ್ತದೆ, ಎತ್ತರವೂ ಪ್ರತಿ ಸಲ ಬೇರೆಯಾಗುತ್ತದೆ. ಕುರ್ಚಿಯಲ್ಲಿ ಕುಳಿತಾಗ ಮಗುವಿನ ಸೊಂಟ ಮತ್ತು ಮಂಡಿ ಲಂಬಕೋನದಲ್ಲಿ (90 ಡಿಗ್ರಿ) ಮಡಿಯಬೇಕು, ಪಾದ ನೆಲಕ್ಕೆ ತಾಗಬೇಕು. ಕಣಕಾಲು ಎಷ್ಟು ಮಡಿಯುತ್ತದೆ ಎಂದು ನೋಡಲು ಫಿಸಿಯೊಥೆರಪಿಸ್ಟರಿಗೆ ಕೋನ ಅಳೆಯುವ ಗೋನಿಯೊಮೀಟರ್ ಬೇಕು.

ಹಂತ 3: ದಿನ ಮತ್ತು ಹೊತ್ತು

ಆರು ತಿಂಗಳಿಗೊಮ್ಮೆ ಅಳೆಯಿರಿ. ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಹುತ್ತರಿ ಕಳೆದ ವಾರ ಒಮ್ಮೆ, ಮುಂಗಾರು ಹಿಡಿಯುವ ಮುಂಚೆ ಮೇ ಕೊನೆಯಲ್ಲಿ ಒಮ್ಮೆ ಎಂದಿಟ್ಟುಕೊಂಡರೆ ಯಾರಿಗೂ ಮರೆಯುವುದಿಲ್ಲ. ಹೊತ್ತು ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡರೊಳಗೆ. ಮಡಿಕೇರಿಯ ಕಡೆ ಡಿಸೆಂಬರಿನಲ್ಲಿ ಎಂಟು ಗಂಟೆಗೆ ಮಂಜು ಹರಿದಿರುವುದಿಲ್ಲ, ತಣ್ಣಗಾದ ಸ್ನಾಯು ಬಿಗಿಯಾಗಿರುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ತೋಟದ ಲೈನ್ ಮನೆಯ ಹುಡುಗನೊಬ್ಬ ಬೆಳಗ್ಗೆ ಬಸ್ಸಿಳಿದು ಒಂದು ಕಿಲೋಮೀಟರ್ ಇಳಿಜಾರಿನಲ್ಲಿ ನಡೆದು ಬಂದಿದ್ದ. ಬಂದ ಕೂಡಲೇ ಅಳೆದೆ. ಸಮಯ ಹೆಚ್ಚೂಕಡಿಮೆ ದುಪ್ಪಟ್ಟಾಗಿತ್ತು. ರೋಗ ಮುಂದುವರಿದಿದೆ ಎಂದು ತಾಯಿಗೆ ಹೇಳಿಬಿಟ್ಟೆ. ಎರಡು ವಾರ ಬಿಟ್ಟು ಮನೆಯ ಬಳಿಯೇ, ಮಗು ದಣಿಯದಿದ್ದಾಗ ಅಳೆದರೆ ಹಳೆಯ ಅಂಕೆಯೇ ಬಂತು. ಆ ಎರಡು ವಾರ ಆ ತಾಯಿ ಹೇಗೆ ಕಳೆದರೆಂದು ನೆನೆದರೆ ಇಂದಿಗೂ ನನಗೆ ನೋವಾಗುತ್ತದೆ.

ಇಳಿಜಾರಿನ ನಡಿಗೆ ಈ ಮಕ್ಕಳಿಗೆ ಏರಿಗಿಂತಲೂ ಕೆಟ್ಟದ್ದು. ಇಳಿಯುವಾಗ ತೊಡೆಯ ಸ್ನಾಯು ಎಳೆತಕ್ಕೊಳಗಾಗುತ್ತಲೇ ಭಾರ ತಡೆಯಬೇಕು, ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದ ಸ್ನಾಯುತಂತು ಆ ಎಳೆತಕ್ಕೆ ಹರಿಯುತ್ತದೆ. ಆದ್ದರಿಂದ ಅಳತೆಯ ದಿನ ಮತ್ತು ಅದರ ಹಿಂದಿನ ದಿನ ಇಳಿಜಾರು, ಆಟದ ಸ್ಪರ್ಧೆ, ದೂರ ಪ್ರಯಾಣ ಬೇಡ. ಭಾಗಮಂಡಲದಿಂದಲೋ ಶನಿವಾರಸಂತೆಯಿಂದಲೋ ಬಸ್ಸಿನಲ್ಲಿ ಬಂದ ಮಗುವಿಗೆ ಕನಿಷ್ಠ ಒಂದು ಗಂಟೆ ವಿಶ್ರಾಂತಿ ಕೊಡಿ. ಜ್ವರ, ಕೆಮ್ಮು ಇದ್ದರೆ ಅಳತೆಯನ್ನು ಮುಂದೂಡಿ.

ಹಂತ 4: ಮುಟ್ಟುವ ಮೊದಲು ನೋಡುವುದು

ಮಗು ಗೇಟಿನಿಂದ ಒಳಗೆ ಬರುವಾಗಲೇ ನೋಡಲು ಆರಂಭಿಸಿ. ತುದಿಗಾಲಿನಲ್ಲಿ ನಡೆಯುತ್ತಿದೆಯೇ? ಸೊಂಟ ಅತ್ತಿತ್ತ ವಾಲುತ್ತಿದೆಯೇ? ಹೊಟ್ಟೆ ಮುಂದಾಗಿ ಬೆನ್ನು ಬಾಗಿದೆಯೇ? ಮೀನಖಂಡ ದಪ್ಪವಾಗಿ ಗಟ್ಟಿಯಾಗಿದೆಯೇ? ಚಪ್ಪಲಿಯನ್ನು ತಿರುಗಿಸಿ ನೋಡಿ. ಮುಂಭಾಗವಷ್ಟೇ ಸವೆದು ಹಿಮ್ಮಡಿಯ ಭಾಗ ಹೊಸದರಂತಿದ್ದರೆ ಅದೂ ಒಂದು ದಾಖಲೆ.

ತೂಕ, ಎತ್ತರ, ಔಷಧಿಯ ಹೆಸರು ಮತ್ತು ಪ್ರಮಾಣ, ಕಳೆದ ತಿಂಗಳಲ್ಲಿ ಎಷ್ಟು ಸಲ ಬಿದ್ದ ಎಂಬುದನ್ನು ಬರೆದುಕೊಳ್ಳಿ. ತೂಕ ಮುಖ್ಯ. ಸ್ಟೆರಾಯ್ಡ್‌ನಿಂದ ನಾಲ್ಕು ಕಿಲೋ ಹೆಚ್ಚಿದ ಮಗು ನಿಧಾನವಾಗಿ ಎದ್ದರೆ ಅದಕ್ಕೆ ಸ್ನಾಯು ಒಂದೇ ಕಾರಣವಾಗಿರಲಾರದು.

ತಾಯಿಯ ಜೊತೆ ಮಾತನಾಡುವಾಗ ಒಂದು ಎಚ್ಚರ. ‘ಕ್ಷಯ’ ಎಂಬ ಮಾತನ್ನು ಕೇಳಿ ಟಿಬಿ ಎಂದು ತಿಳಿದವರಿದ್ದಾರೆ, ನೆರೆಮನೆಯವರು ಮಕ್ಕಳನ್ನು ದೂರ ಇಟ್ಟದ್ದೂ ಉಂಟು. ಇದು ಅಂಟುವ ಕಾಯಿಲೆ ಅಲ್ಲ ಎಂದು ಮೊದಲ ಮಾತಿನಲ್ಲೇ ಹೇಳಿಬಿಡಿ.

ಹಂತ 5: ನೆಲದಿಂದ ಏಳುವುದು

ಇಡೀ ದಿನಕ್ಕೆ ಒಂದೇ ಪರೀಕ್ಷೆ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಹೆಚ್ಚು ತಪ್ಪುಗಳಾಗುವುದೂ ಇದರಲ್ಲಿಯೇ.

ಬರಿಗಾಲು. ಕಾಲಿನ ಪಟ್ಟಿ, ಸ್ಪ್ಲಿಂಟ್ ಇದ್ದರೆ ತೆಗೆಯಿರಿ. ಪ್ಯಾಂಟು ಮಂಡಿಯವರೆಗೆ ಮಡಿಸಿರಲಿ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಕೈಗಳು ಪಕ್ಕದಲ್ಲಿ, ಕಾಲುಗಳು ನೇರ. ಕುಳಿತ ಭಂಗಿಯಿಂದ ಆರಂಭಿಸಿದರೆ ಅದು ಬೇರೆಯೇ ಪರೀಕ್ಷೆ. ಮೂರು ಅಡಿ ಸುತ್ತ ಕುರ್ಚಿ, ಗೋಡೆ, ಯಾರ ಕಾಲೂ ಇರಬಾರದು. ತಾಯಿಯನ್ನು ಮಗುವಿನ ಕಣ್ಣಿಗೆ ಕಾಣುವಂತೆ ಆದರೆ ಕೈಗೆ ಎಟುಕದಂತೆ ಕೂರಿಸಿ. ದಿನಕ್ಕೆ ಹತ್ತು ಸಲ ಎತ್ತಿ ಅಭ್ಯಾಸವಾದ ಕೈ ತಾನಾಗಿಯೇ ಮುಂದೆ ಬರುತ್ತದೆ. ‘ಅಮ್ಮಾ, ಈ ಒಂದು ಸಲ ಕೈ ಕಟ್ಟಿಕೊಳ್ಳಿ’ ಎಂದು ಮೊದಲೇ ಹೇಳಿಡಬೇಕು. ಬೀಳುವಂತಾದರೆ ಹಿಡಿಯಲು ನೀವೇ ಮಗುವಿನ ಹಿಂದೆ ನಿಲ್ಲಿ.

‘ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಎದ್ದು ನಿಲ್ಲು.’ ಹೇಳುವುದು ಇಷ್ಟೇ. ಇಲ್ಲಿನ ಮಕ್ಕಳ ಮನೆಮಾತು ಕೊಡವ ತಕ್ಕ್ ಇರಬಹುದು, ಅರೆಭಾಷೆ, ಮಲಯಾಳ, ತಮಿಳು, ಯರವ ಇರಬಹುದು. ಶಾಲೆಯ ಕನ್ನಡ ಇನ್ನೂ ಹಿಡಿತಕ್ಕೆ ಬಾರದ ಮಗು ಮಾತು ತಿಳಿಯದೆ ಎರಡು ಸೆಕೆಂಡು ಸುಮ್ಮನೆ ಮಲಗಿದ್ದರೆ ಆ ಎರಡು ಸೆಕೆಂಡು ರೋಗದ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಮೊದಲು ನೀವೇ ಮಲಗಿ ಎದ್ದು ತೋರಿಸಿ. ತೋರಿಸುವಾಗ ಕೈಯನ್ನು ತೊಡೆಗೆ ಊರಬೇಡಿ, ಮಗು ಅದನ್ನೇ ಅನುಕರಿಸುತ್ತದೆ.

ಈಗ ನೋಡಿ. ಹುಡುಗ ಎಡಕ್ಕೆ ಹೊರಳಿ ಬೋರಲಾಗುತ್ತಾನೆ. ಎರಡೂ ಅಂಗೈ ನೆಲಕ್ಕೆ ಊರಿ, ಸೊಂಟ ಮೇಲೆತ್ತಿ, ಕಾಲುಗಳನ್ನು ಅಗಲಿಸುತ್ತಾನೆ. ಕೈಗಳು ನೆಲದ ಮೇಲೆ ಪಾದದ ಕಡೆಗೆ ನಡೆದು ಬರುತ್ತವೆ. ಬಲಗೈ ಮಂಡಿಗೆ ಬಂದು ಒಂದು ಕ್ಷಣ ತಡೆಯುತ್ತದೆ, ಬೆರಳುಗಳು ಒತ್ತಿ ಬಿಳಿಚಿಕೊಳ್ಳುತ್ತವೆ. ಆಮೇಲೆ ಎಡಗೈ. ತೊಡೆಯ ಮೇಲೆ ಒಂದೊಂದೇ ಹಿಡಿ ಏರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಾನೆ. ಕೊನೆಗೆ ಎದೆಯನ್ನು ಹಿಂದಕ್ಕೆ ಎಸೆದು, ಕೈ ಬಿಟ್ಟು, ನಿಲ್ಲುತ್ತಾನೆ. ಇದು ಗೋವರ್ಸ್ ಲಕ್ಷಣ.

ಸ್ಟಾಪ್‌ವಾಚನ್ನು ‘ಏಳು’ ಎಂದ ಕ್ಷಣ ಒತ್ತಿ. ನಿಲ್ಲಿಸಬೇಕಾದದ್ದು ಕೈಗಳೆರಡೂ ತೊಡೆಯನ್ನು ಬಿಟ್ಟು, ಮಗು ನೆಟ್ಟಗೆ ನಿಂತ ಮೇಲೆ. ಮಂಡಿ ನೇರವಾದ ಕೂಡಲೇ ನಿಲ್ಲಿಸುವವರೇ ಹೆಚ್ಚು. ಆಗ ಎರಡು ಸೆಕೆಂಡು ಕಳೆದುಹೋಗುತ್ತದೆ. ಹೊರಳದೆ, ತೊಡೆಗೆ ಕೈ ಊರದೆ ಎದ್ದರೆ 2 ಅಂಕ. ನೆಲದ ಕಡೆ ಹೊರಳಿದರೆ ಅಥವಾ ತೊಡೆಗೆ ಕೈ ಊರಿದರೆ 1. ಕುರ್ಚಿ, ಗೋಡೆ, ಇನ್ನೊಬ್ಬರ ಕೈ ಬೇಕಾದರೆ 0. ತಾಯಿ ಮುಟ್ಟಿದ್ದರೆ ಆ ಸಮಯ ಲೆಕ್ಕಕ್ಕಿಲ್ಲ. ಮಗುವಿಗೆ ಐದು ನಿಮಿಷ ವಿಶ್ರಾಂತಿ ಕೊಟ್ಟು ಇನ್ನೊಂದೇ ಸಲ ನೋಡಿ. ಮೂರು ನಾಲ್ಕು ಸಲ ಏಳಿಸಿ ಒಳ್ಳೆಯ ಸಮಯ ಹಿಡಿಯುವ ಆಸೆ ಬೇಡ.

ಸಮಯದ ಪಕ್ಕದಲ್ಲಿ ಹೇಗೆ ಎದ್ದ ಎಂದು ಒಂದು ಸಾಲು ಬರೆಯಿರಿ. ‘6.2 ಸೆಕೆಂಡು, ಎಡಕ್ಕೆ ಹೊರಳಿದ, ಒಂದೇ ಕೈ ಮಂಡಿಗೆ’ ಎಂದಿದ್ದರೆ ಮುಂದಿನ ಸಲ ಎರಡೂ ಕೈ ಬಂದಾಗ ತಿಳಿಯುತ್ತದೆ. ಬದಲಾವಣೆ ಎಷ್ಟೋ ಸಲ ಸೆಕೆಂಡಿಗಿಂತ ಮೊದಲು ಈ ಸಾಲಿನಲ್ಲಿ ಕಾಣುತ್ತದೆ.

ಇನ್ನೂ ರೋಗಪತ್ತೆಯಾಗದ ಮಗು ಶಾಲೆಯಲ್ಲಿ ಹೀಗೆ ಏಳುವುದನ್ನು ಕಂಡರೆ ಅಳತೆಗೆ ಕಾಯಬೇಡಿ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಪರೀಕ್ಷೆಗೆ ಮಕ್ಕಳ ವೈದ್ಯರ ಬಳಿ ಕಳುಹಿಸಿ. ಡುಶೆನ್ ಇದ್ದರೆ ಅದು ಮಾಮೂಲಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ.

ಹಂತ 6: ಹತ್ತು ಮೀಟರ್

ಎರಡು ಗೆರೆ ಎಳೆಯಿರಿ, ನಡುವೆ ಸರಿಯಾಗಿ 10 ಮೀಟರ್. ಮುಗಿಯುವ ಗೆರೆಯ ಆಚೆ ಇನ್ನೂ ಎರಡು ಮೀಟರ್ ಖಾಲಿ ಬಿಟ್ಟು, ಅಲ್ಲಿ ತಾಯಿ ಅಥವಾ ಗೆಳೆಯ ನಿಂತಿರಲಿ. ಇಲ್ಲದಿದ್ದರೆ ಮಗು ಗೆರೆ ಸಮೀಪಿಸುತ್ತಲೇ ನಿಧಾನಿಸುತ್ತದೆ. ಎರಡನೆಯ ಪಾದ ಗೆರೆ ದಾಟಿದಾಗ ಸ್ಟಾಪ್‌ವಾಚ್ ನಿಲ್ಲಿಸಿ. ಎರಡೂ ಪಾದ ಒಂದೇ ಕ್ಷಣ ನೆಲ ಬಿಟ್ಟರೆ ಅದು ಓಟ, 2 ಅಂಕ. ಓಡುವಂತೆ ಕಂಡರೂ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿದ್ದರೆ 1. ಬರೀ ನಡೆದರೆ 0. ಇದನ್ನು ಬರಿಗಣ್ಣಿನಲ್ಲಿ ತೀರ್ಮಾನಿಸುವುದು ಕಷ್ಟ. ಪಕ್ಕದಿಂದ, ಮಗುವಿನ ಮಂಡಿಯ ಎತ್ತರದಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿ.

ನಡಿಗೆಯ ವೇಗ ಇಳಿಯುತ್ತ 10 ಮೀಟರಿಗೆ 10 ಸೆಕೆಂಡು ದಾಟಿದರೆ, ಮುಂದಿನ ಅಳತೆಗೆ ಆರು ತಿಂಗಳು ಕಾಯದೆ ತಜ್ಞರಿಗೆ ತಿಳಿಸಿ. ಗಾಲಿಕುರ್ಚಿಯ, ಶಾಲೆಯ ಇಳಿಜಾರು ದಾರಿಯ ತಯಾರಿ ಆಗಲೇ ಆರಂಭವಾಗಬೇಕು.

ಹಂತ 7: ಉಳಿದ ಅಂಶಗಳು

ನೆಟ್ಟಗೆ ನಿಲ್ಲುವುದು, ನಡೆಯುವುದು, ಕುರ್ಚಿಯಿಂದ ಏಳುವುದು, ಒಂಟಿಕಾಲು, ಪೆಟ್ಟಿಗೆ ಹತ್ತಿ ಇಳಿಯುವುದು, ಅಂಗಾತದಿಂದ ಕೂರುವುದು, ತಲೆ ಎತ್ತುವುದು, ಹಿಮ್ಮಡಿಯ ಮೇಲೆ ನಿಲ್ಲುವುದು, ಜಿಗಿಯುವುದು, ಕುಂಟುವುದು (ಒಂಟಿಕಾಲಿನಲ್ಲಿ ಕುಪ್ಪಳಿಸುವುದು). ಇವನ್ನು ಪಟ್ಟಿಯಲ್ಲಿರುವಂತೆಯೇ ನೋಡುತ್ತ ಹೋಗಿ. ತಪ್ಪುವ ಕಡೆಗಳನ್ನಷ್ಟೇ ಹೇಳುತ್ತೇನೆ.

ಕುರ್ಚಿಯಿಂದ ಏಳುವಾಗ ಕೈ ಎದೆಯ ಮೇಲೆ ಕಟ್ಟಿರಬೇಕು. ಒಂಟಿಕಾಲಿನಲ್ಲಿ ಮೂರು ಸೆಕೆಂಡು ಸಲೀಸಾಗಿ ನಿಂತರೆ ಮಾತ್ರ 2. ಎತ್ತಿದ ಕಾಲನ್ನು ಇನ್ನೊಂದಕ್ಕೆ ಬಿಗಿಯಾಗಿ ಒತ್ತಿಕೊಂಡು ನಿಂತರೆ 1. ತಲೆ ಎತ್ತುವುದು ಎಲ್ಲರೂ ಬಿಟ್ಟುಬಿಡುವ ಅಂಶ. ಕುತ್ತಿಗೆಯ ಮುಂಭಾಗದ ಸ್ನಾಯು ಬಹಳ ಬೇಗ ಸೋಲುತ್ತದೆ, ಗಲ್ಲ ಎದೆಯ ಕಡೆಗೆ ನೇರವಾಗಿ ಬರಬೇಕು, ತಲೆ ಪಕ್ಕಕ್ಕೆ ವಾಲಿಸಿ ಎತ್ತಿದರೆ 1. ಕುಂಟುವುದನ್ನು ವಿವರಿಸಲು ಹೋಗಬೇಡಿ, ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಎರಡು ಮನೆ ಬರೆದರೆ ಮಗುವಿಗೆ ತಾನಾಗಿ ತಿಳಿಯುತ್ತದೆ. ಬಲ, ಎಡ ಬೇರೆ ಬೇರೆ ಬರೆಯಿರಿ.

ಕಣಕಾಲಿನ ಕೋನವನ್ನು ಮಂಡಿ ನೇರವಿಟ್ಟು ಎಲ್ಲದರ ಕೊನೆಗೆ ಅಳೆಯಿರಿ.

ಹಂತ 8: ಆರು ನಿಮಿಷದ ನಡಿಗೆ

ಇದನ್ನು ಅದೇ ದಿನ ಮಾಡುವುದಾದರೆ ಅರ್ಧ ಗಂಟೆ ವಿಶ್ರಾಂತಿಯ ನಂತರ. ಡುಶೆನ್ ಮಕ್ಕಳಿಗೆ 25 ಮೀಟರ್ ದಾರಿ, ಎರಡು ತುದಿಯಲ್ಲಿ ಗುರುತು. ಓಡಬಾರದು, ನಡೆಯಬೇಕು. ಇಬ್ಬರು ಬೇಕು: ಒಬ್ಬರು ಸಮಯ ಮತ್ತು ಸುತ್ತು ಎಣಿಸಲು, ಇನ್ನೊಬ್ಬರು ಮಗುವಿನ ಹಿಂದೆಯೇ ಬೀಳದಂತೆ ಕಾಯಲು. ದೊಡ್ಡವರ ಪರೀಕ್ಷೆಯಲ್ಲಿ ನಿಮಿಷಕ್ಕೊಮ್ಮೆ ನಿಗದಿತ ಮಾತನ್ನಷ್ಟೇ ಹೇಳಬೇಕು, ಇಲ್ಲಿ ಉದ್ದಕ್ಕೂ ಹುರಿದುಂಬಿಸಬೇಕು, ಇಲ್ಲದಿದ್ದರೆ ಆರು ವರ್ಷದ ಮಗು ಮೂರನೆಯ ನಿಮಿಷಕ್ಕೆ ಹಕ್ಕಿ ನೋಡುತ್ತ ನಿಂತುಬಿಡುತ್ತದೆ. ನಿಂತು ದಣಿವಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಚಪ್ಪಲಿಯೋ ಬೂಟೋ, ಪ್ರತಿ ಸಲ ಅದೇ ಇರಲಿ. ಹತ್ತಿಪ್ಪತ್ತು ಮೀಟರಿನ ವ್ಯತ್ಯಾಸ ದಿನದಿಂದ ದಿನಕ್ಕೆ ಇರುವುದೇ. 30 ಮೀಟರ್ ಮೀರಿದ ಬದಲಾವಣೆಗೆ ಗಮನ ಕೊಡಿ.

ಹಂತ 9: ನಡಿಗೆ ನಿಂತ ಮೇಲೆ

ನಡಿಗೆ ನಿಂತಿತೆಂದು ಅಳತೆ ನಿಲ್ಲಿಸಿದ ಮನೆಗಳನ್ನು ನೋಡಿದ್ದೇನೆ. ಆಗಲೇ ಇನ್ನೂ ಹೆಚ್ಚು ಅಳೆಯಬೇಕು. ಊಟದ ತುತ್ತು, ಪೆನ್ನು, ಮೊಬೈಲ್ ಎಲ್ಲವೂ ತೋಳಿನ ಮೇಲೆ ನಿಂತಿವೆ. ಪಿಯುಎಲ್ ತರಬೇತಿ ಇಲ್ಲದವರು ಬ್ರೂಕ್ ಶ್ರೇಣಿಯನ್ನು ಮೇಜಿನ ಮುಂದೆ ಐದು ನಿಮಿಷದಲ್ಲಿ ನೋಡಬಹುದು. ಎರಡೂ ಕೈಗಳನ್ನು ಪಕ್ಕದಿಂದ ಪೂರ್ತಿ ಸುತ್ತಿ ತಲೆಯ ಮೇಲೆ ಮುಟ್ಟಿಸಿದರೆ 1. ಮೊಣಕೈ ಮಡಿಸಿಯೇ ತಲೆಯ ಮೇಲೆ ಒಯ್ಯಬೇಕಾದರೆ 2. ತಲೆಯ ಮೇಲೆ ಹೋಗದಿದ್ದರೂ ನೀರಿನ ಲೋಟ ಬಾಯಿಗೆ ಬಂದರೆ 3. ಲೋಟ ಬಾರದೆ ಬರಿಗೈ ಬಾಯಿಗೆ ಬಂದರೆ 4. ಅದೂ ಆಗದೆ ಪೆನ್ನು ಹಿಡಿಯಲು ಅಥವಾ ಮೇಜಿನ ಮೇಲಿನ ನಾಣ್ಯ ಹೆಕ್ಕಲು ಆದರೆ 5. ಏನೂ ಆಗದಿದ್ದರೆ 6. ಲೋಟ ಮತ್ತು ನೀರಿನ ಅಳತೆ ಪ್ರತಿ ಸಲವೂ ಒಂದೇ ಆಗಿರಲಿ. ಮಗು ಸೊಂಟ ಓರೆ ಮಾಡಿ, ಬಾಯನ್ನೇ ಲೋಟದ ಬಳಿಗೆ ತರುವುದನ್ನು ಗಮನಿಸಿ ಬರೆಯಿರಿ. ಉಸಿರಿನ ಶಕ್ತಿಯನ್ನು ಆಸ್ಪತ್ರೆಯಲ್ಲಿ ಸ್ಪೈರೋಮೀಟರಿನಿಂದ, ಹೃದಯವನ್ನು ಎಕೋದಿಂದ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ಹಂತ 10: ನಿಲ್ಲಿಸಬೇಕಾದ ಸೂಚನೆಗಳು

ಎದೆನೋವು, ಎದೆಬಡಿತ ಏರುಪೇರು, ತಲೆಸುತ್ತು ಬಂದರೆ ಕೂಡಲೇ ಅಳತೆ ನಿಲ್ಲಿಸಿ. ಮೀನಖಂಡ ಹಿಡಿದುಕೊಂಡು ಮಗು ಅತ್ತರೆ ಆ ದಿನಕ್ಕೆ ಸಾಕು. ಅಳತೆಯ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಎಂದರ್ಥ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಿದ್ದ ಕೆಲವು ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಉಸಿರಾಟ ಕಷ್ಟವಾದರೆ, ಮಂಕು ಕವಿದರೆ ಬೆಳಗಾಗಲೆಂದು ಕಾಯಬೇಡಿ. ಮೂಳೆಯ ಕೊಬ್ಬು ಶ್ವಾಸಕೋಶಕ್ಕೆ ಸೇರಿರಬಹುದು. ನಿನ್ನೆ ನಡೆದ ಮಗು ಇಂದು ಕಾಲೂರದಿದ್ದರೆ ರೋಗ ಹೆಚ್ಚಾಯಿತೆಂದು ಸುಮ್ಮನಾಗದೆ ಎಕ್ಸ್-ರೇ ತೆಗೆಸಿ. ಬೆನ್ನುನೋವಿಗೂ ಅದೇ ಮಾತು. ಬೆಳಗ್ಗೆ ಏಳುತ್ತಲೇ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ರಾತ್ರಿ ಉಸಿರು ಸಾಲುತ್ತಿಲ್ಲವೇನೋ ಎಂದು ಪರೀಕ್ಷಿಸಬೇಕು. ಸ್ಟೆರಾಯ್ಡ್ ಅನ್ನು ಯಾವ ಕಾರಣಕ್ಕೂ ಹಠಾತ್ತನೆ ನಿಲ್ಲಿಸಬಾರದು. ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವ ಊರುಗಳವರು ಜೂನ್‌ಗೆ ಮೊದಲೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಹಂತ 11: ಬರೆದಿಡುವುದು ಮತ್ತು ಹೇಳುವುದು

ಒಂದು ಮಗುವಿಗೆ ಒಂದು ನೋಟ್‌ಬುಕ್. ದಿನಾಂಕ, ಹೊತ್ತು, ಜಾಗ, ನೆಲ, ಕಾಲಿಗೆ ಏನಿತ್ತು, ಅಳೆದವರು ಯಾರು, ಮಗುವಿನ ಮನಸ್ಥಿತಿ ಹೇಗಿತ್ತು, ಆಮೇಲೆ ಅಂಕೆ. ಮಗು ಮಾಡಲೊಲ್ಲೆ ಎಂದು ಹಠ ಹಿಡಿದರೆ 0 ಹಾಕಬೇಡಿ, ‘ಮಾಡಲು ಒಪ್ಪಲಿಲ್ಲ’ ಎಂದು ಬರೆಯಿರಿ. ವಿಡಿಯೊವನ್ನು ಪೋಷಕರ ಒಪ್ಪಿಗೆ ಪಡೆದೇ ತೆಗೆಯಿರಿ, ಅವರ ಮೊಬೈಲಿನಲ್ಲೇ ಇರಲಿ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಸಾಧ್ಯವಾದಷ್ಟು ಒಬ್ಬರೇ ಪ್ರತಿ ಸಲ ಅಳೆಯಲಿ.

ಡುಶೆನ್ ಮಗು ಆರೇಳು ವರ್ಷದವರೆಗೆ ಹೊಸದನ್ನು ಕಲಿಯುತ್ತಲೂ ಇರುತ್ತದೆ, ಅಂಕ ಏರಲೂಬಹುದು. ರೋಗ ವಾಸಿಯಾಯಿತೆಂದು ಆಗ ಔಷಧಿ ಬಿಟ್ಟವರಿದ್ದಾರೆ. ಆಮೇಲೆ ಅಂಕ ಇಳಿಯತೊಡಗುತ್ತದೆ. ಒಂದು ಅಳತೆಯಿಂದ ಏನನ್ನೂ ಸಾರಬೇಡಿ. ಎರಡು ಮೂರು ಅಳತೆಗಳ ಓಟವನ್ನು ನೋಡಿ, ಅನುಮಾನವಿದ್ದರೆ ಎರಡು ವಾರದಲ್ಲಿ ಮತ್ತೊಮ್ಮೆ ಅಳೆದು, ಆಮೇಲೆ ಮಾತನಾಡಿ. ಮಗುವಿನ ಎದುರಿಗೆ ಅಂಕ ಓದಬೇಡಿ. ಎಂಟು ವರ್ಷದ ಮಗುವಿಗೆ ಕಳೆದ ಸಲಕ್ಕಿಂತ ಕಡಿಮೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಯುಡಿಐಡಿ ಕಾರ್ಡಿಗೆ (ಅಂಗವೈಕಲ್ಯದ ಗುರುತಿನ ಚೀಟಿಗೆ) ಅರ್ಜಿ ಹಾಕುವಾಗ ಈ ನೋಟ್‌ಬುಕ್ಕಿನ ನಕಲನ್ನು ಜೊತೆಗೆ ಒಯ್ಯಿರಿ.

ಹೊರಡುವ ಮುನ್ನ ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ತಾಯಿಯ ಕೈಯಲ್ಲೇ ಬರೆಸಿ. ಜಗಲಿಯ ಮೇಲೆ ಎಳೆದ ಸೀಮೆಸುಣ್ಣದ ಗೆರೆ ನಾಳೆಯೇ ಅಳಿಸಿಹೋಗುತ್ತದೆ. ಮುಖ್ಯಶಿಕ್ಷಕರ ಅನುಮತಿ ಪಡೆದು ಎರಡು ತುದಿಯಲ್ಲೂ ಬಣ್ಣದ ಗುರುತು ಹಾಕಿ ಬನ್ನಿ, ಮುಂದಿನ ಸಲ ಆ ಹುಡುಗ ಅದೇ ಹತ್ತು ಮೀಟರನ್ನು ದಾಟಲಿ.